ಡಬ್ಬಿಯ ಮೇಲಿದ್ದ ಹೆಸರು ತಟ್ಟೆಗೂ ಬರಲಿ

ಇವರಿಗೆ,
ಆಹಾರ ಸುರಕ್ಷತಾ ಆಯುಕ್ತರು, ಕರ್ನಾಟಕ ಸರ್ಕಾರ, ಬೆಂಗಳೂರು
ಹಾಗೂ
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗಳು

ವಿಷಯ: ಹಾಲಿನ ಪದಾರ್ಥಗಳ ಹೆಸರು, ಲೇಬಲ್ ಮತ್ತು ಪ್ರಚಾರದಲ್ಲಿ ಪ್ರಾಮಾಣಿಕತೆ ಕಾಪಾಡುವ ಕುರಿತು ಮನವಿ.

ಮಾನ್ಯರೇ,

ನಮ್ಮ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಹಾಲು ಉತ್ಪಾದಕರ ಸಂಘದ ಮುಂದೆ ಕ್ಯಾನು ಹಿಡಿದು ನಿಂತವರ ಹಾಲನ್ನು ಸಂಘದವರು ಯಂತ್ರಕ್ಕಿಟ್ಟು ಅಳೆಯುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ) ಎಷ್ಟು ಎಂಬುದು ದಶಾಂಶದ ಲೆಕ್ಕದಲ್ಲಿ ಚೀಟಿಯ ಮೇಲೆ ಬರುತ್ತದೆ. ಫ್ಯಾಟ್ ಕಡಿಮೆ ಬಂದರೆ ದರವೂ ಇಳಿಯುತ್ತದೆ, ನೀರು ಕಂಡುಬಂದರೆ ಹಾಲು ವಾಪಸ್ಸು ಹೋಗುತ್ತದೆ. ಎರಡು ಎಮ್ಮೆ ಕಟ್ಟಿಕೊಂಡ ಹೆಣ್ಣುಮಗಳೂ ದಿನಕ್ಕೆರಡು ಸಲ ಈ ಪರೀಕ್ಷೆ ಪಾಸಾಗಬೇಕು. ಅದು ಸರಿಯಾದ ಪದ್ಧತಿ, ನಮಗೆ ಅದರ ಮೇಲೆ ತಕರಾರಿಲ್ಲ. ನಮ್ಮ ತಕರಾರು ಇರುವುದು ಇನ್ನೊಂದು ತುದಿಯಲ್ಲಿ. ಅದೇ ಹಾಲಿನ ಹೆಸರು ಹೇಳಿಕೊಂಡು ಪಟ್ಟಣದ ಅಂಗಡಿ, ಹೋಟೆಲ್, ಮದುವೆ ಮಂಟಪಗಳಲ್ಲಿ ಮಾರಾಟವಾಗುವ ಪದಾರ್ಥದಲ್ಲಿ ಹಾಲು ಎಷ್ಟಿದೆ, ಇದೆಯೋ ಇಲ್ಲವೋ ಎಂದು ಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲ.

ಹೈನು ತಂತ್ರಜ್ಞಾನ, ಆಹಾರ ಪರೀಕ್ಷೆ ಮತ್ತು ಸಿಹಿ ತಿನಿಸು ತಯಾರಿಕೆಯ ಕೆಲಸ ಬಲ್ಲ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಯಾವುದೇ ಕಂಪನಿಯ, ಅಂಗಡಿಯ ಹೆಸರೆತ್ತುವುದು ನಮ್ಮ ಉದ್ದೇಶವಲ್ಲ. ನಮ್ಮ ಮುಖ್ಯ ಮಾತು ಒಂದೇ. ಕಾರ್ಖಾನೆಯಿಂದ ಹೊರಡುವಾಗ ಡಬ್ಬಿಯ ಮೇಲೆ ಬಹುಪಾಲು ನಿಜವೇ ಬರೆದಿರುತ್ತದೆ. ಡಬ್ಬಿ ಒಡೆದ ಕ್ಷಣದಲ್ಲಿ ಆ ನಿಜ ಕಸದ ಬುಟ್ಟಿಗೆ ಹೋಗುತ್ತದೆ. ತಟ್ಟೆಗೆ ಬರುವಷ್ಟರಲ್ಲಿ ಪದಾರ್ಥಕ್ಕೆ ಬೇರೆಯೇ ಹೆಸರು ಬಂದಿರುತ್ತದೆ.

ಪನೀರನ್ನೇ ತೆಗೆದುಕೊಳ್ಳಿ. ಹಾಲನ್ನು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, 70–80 ಡಿಗ್ರಿಗೆ ಇಳಿಸಿ, ಶೇ 1ರಿಂದ 2ರಷ್ಟು ಸಿಟ್ರಿಕ್ ಆಮ್ಲದ ನೀರು ಹಾಕಿ ಒಡೆಸುತ್ತಾರೆ. ಗಟ್ಟಿಯನ್ನು ಬಟ್ಟೆಯಲ್ಲಿ ಸೋಸಿ, ಭಾರ ಹೇರಿ ಒತ್ತಿ, ತಣ್ಣೀರಿನಲ್ಲಿ ಎರಡು ಮೂರು ತಾಸು ಮುಳುಗಿಸಿಡುತ್ತಾರೆ. ಕಾನೂನಿನ ಪ್ರಕಾರ ಪನೀರಿನಲ್ಲಿ ತೇವಾಂಶ ಶೇ 60 ಮೀರಬಾರದು, ಒಣ ಅಂಶದಲ್ಲಿ ಹಾಲಿನ ಕೊಬ್ಬು ಶೇ 50ಕ್ಕಿಂತ ಕಡಿಮೆ ಇರಬಾರದು. ಕೊಬ್ಬು ಕಡಿಮೆ ಇರುವ ಬಗೆಗಳಿಗೆ ಬೇರೆ ಹೆಸರು, ಬೇರೆ ಅಳತೆ ಇದೆ. ಶೇ 6 ಕೊಬ್ಬಿನ ಎಮ್ಮೆ ಹಾಲಾದರೆ 1 ಕೆಜಿ ಪನೀರಿಗೆ 5ರಿಂದ 5.5 ಲೀಟರ್ ಬೇಕು. ಹಸುವಿನ ಹಾಲಾದರೆ 6ರಿಂದ 7 ಲೀಟರ್. ಹಾಲಿಗೆ ಲೀಟರಿಗೆ ಬರೀ 40 ರೂಪಾಯಿ ಎಂದು ಹಿಡಿದರೂ ಹಾಲಿನ ಖರ್ಚೇ 200ರಿಂದ 280 ರೂಪಾಯಿ ಆಗುತ್ತದೆ. ಅದರ ಮೇಲೆ ಉರುವಲು, ಕೂಲಿ, ಐಸು, ಸಾಗಣೆ, ವ್ಯಾಪಾರಿಯ ಲಾಭ ಸೇರಬೇಕು. ಆದ್ದರಿಂದ ಸಗಟು ಪೇಟೆಯಲ್ಲಿ ಕೆಜಿಗೆ 200 ರೂಪಾಯಿಯ ಆಸುಪಾಸಿನಲ್ಲಿ 'ಪನೀರ್' ಕೊಡುತ್ತೇವೆ ಎನ್ನುವವರು ಹಾಲಿನಿಂದ ಮಾಡಿದ ಪನೀರ್ ಕೊಡುತ್ತಿರುವುದು ಅಸಾಧ್ಯ.

ಹಾಗಾದರೆ ಅದು ಏನು? ಕೆನೆ ತೆಗೆದ ಹಾಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಅದಕ್ಕೆ ತಾಳೆ ಎಣ್ಣೆ ಸೇರಿಸಿ, ಒತ್ತಡದ ಯಂತ್ರದಲ್ಲಿ ಎರಡನ್ನೂ ಏಕವಾಗಿಸಿ, ಅದೇ ಆಮ್ಲದಿಂದ ಒಡೆಸಿ, ಅದೇ ರೀತಿ ಒತ್ತಿದ ಗಟ್ಟಿ. ಕೆಲವರು ಪಿಷ್ಟವನ್ನೂ ಬೆರೆಸುತ್ತಾರೆ. ಇದಕ್ಕೆ ಕಾನೂನಿನಲ್ಲಿ 'ಡೇರಿ ಅನಲಾಗ್' ಎಂದು ಹೆಸರು. ಹಾಲಿನ ಅಂಶದ ಜಾಗದಲ್ಲಿ ಹಾಲಲ್ಲದ್ದನ್ನು ಪೂರ್ತಿಯಾಗಿಯೋ ಭಾಗಶಃವೋ ಸೇರಿಸಿ, ಹಾಲಿನ ಪದಾರ್ಥದಂತೆ ಕಾಣುವ ಹಾಗೆ ಮಾಡಿದ್ದು ಎಂದರ್ಥ. ಅದನ್ನು ತಯಾರಿಸುವುದು ಅಪರಾಧವಲ್ಲ. ತಾಳೆ ಎಣ್ಣೆ ವಿಷವೂ ಅಲ್ಲ. ಮೊಬೈಲಿನಲ್ಲಿ ಹರಿದಾಡುವ 'ಪ್ಲಾಸ್ಟಿಕ್ ಪನೀರ್' ಎಂಬ ವಿಡಿಯೊಗಳನ್ನು ನಾವು ಒಪ್ಪುವುದಿಲ್ಲ. ಅವು ಜನರಲ್ಲಿ ಭಯ ಹುಟ್ಟಿಸುತ್ತವೆಯೇ ಹೊರತು ನಿಜವಾದ ಮೋಸ ಯಾವುದೆಂದು ತಿಳಿಸುವುದಿಲ್ಲ. ಹಾಲಿನ ಪದಾರ್ಥವಲ್ಲದ್ದಕ್ಕೆ ಹಾಲಿನ ಪದಾರ್ಥದ ಹೆಸರು ಕೊಡುವುದು, ಹಾಗೆ ಅನ್ನಿಸುವಂತೆ ಲೇಬಲ್, ಬಿಲ್ಲು, ಜಾಹೀರಾತಿನಲ್ಲಿ ಸೂಚಿಸುವುದು ನಿಷಿದ್ಧ. ನಮ್ಮ ದೂರು ಅಷ್ಟರ ಬಗ್ಗೆ ಮಾತ್ರ.

ನಡೆಯುತ್ತಿರುವುದು ಹೀಗೆ. ಅನಲಾಗಿನ ಒಂದು ಕೆಜಿ ಪೊಟ್ಟಣಗಳು ರಟ್ಟಿನ ಡಬ್ಬಿಯಲ್ಲಿ ವಿತರಕರಿಗೆ ಬರುತ್ತವೆ. ಡಬ್ಬಿಯ ಮೇಲೆ ಪನೀರನ್ನು ನೆನಪಿಸುವ ಹೆಸರು ದಪ್ಪಕ್ಷರದಲ್ಲಿ, 'ಅನಲಾಗ್' ಎಂಬ ಪದ ಕೆಳಗಡೆ ಸಣ್ಣಕ್ಷರದಲ್ಲಿ, ಇಂಗ್ಲಿಷಿನಲ್ಲಿ. ವಿತರಕರ ಬಿಲ್ಲಿನಲ್ಲಿ ಆ ಸಣ್ಣ ಪದವೂ ಮಾಯವಾಗಿ 'ಪನೀರ್ 10 ಕೆಜಿ' ಎಂದಷ್ಟೇ ಉಳಿಯುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ಪೊಟ್ಟಣ ಒಡೆದು ತುಂಡು ಮಾಡಿ ಸ್ಟೀಲಿನ ಪಾತ್ರೆಗೆ ಹಾಕಿದ ಮೇಲೆ ಅದು ಪನೀರ್ ಬಟರ್ ಮಸಾಲಾ, ಪನೀರ್ 65, ಪಾಲಕ್ ಪನೀರ್. ತಿನ್ನುವವರು ಕೊಡುವ ಬೆಲೆ ಹಾಲಿನ ಪನೀರಿನದು. ಹೆದ್ದಾರಿಯ ಧಾಬಾಗಳಲ್ಲಿ, ಬೀಗರ ಊಟದ ಗುತ್ತಿಗೆಗಳಲ್ಲಿ, ಹಾಸ್ಟೆಲು ಮತ್ತು ಕ್ಯಾಂಟೀನುಗಳಲ್ಲಿ ಇದೇ ಸರಪಳಿ. ಎಷ್ಟೋ ಹೋಟೆಲಿನವರಿಗೆ ತಾವು ಕೊಳ್ಳುತ್ತಿರುವುದು ಏನೆಂದು ನಿಜಕ್ಕೂ ಗೊತ್ತಿರುವುದಿಲ್ಲ ಎಂಬುದನ್ನೂ ಹೇಳಬೇಕು. ಗೊತ್ತಿಲ್ಲದವರನ್ನು ಮಾತ್ರ ಹಿಡಿದು ಗೊತ್ತಿದ್ದವರನ್ನು ಬಿಟ್ಟರೆ ನ್ಯಾಯವಾಗದು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ತಮ್ಮ ಗಮನಕ್ಕೆ ತರಲೇಬೇಕು, ಏಕೆಂದರೆ ತಪಾಸಣೆ ಆದರೂ ಮೋಸ ಸಿಕ್ಕಿಬೀಳದಿರುವುದು ಇದರಿಂದಲೇ. ಮಾದರಿಯಲ್ಲಿ ತೇವಾಂಶ ಎಷ್ಟು, ಕೊಬ್ಬು ಎಷ್ಟು ಎಂದಷ್ಟೇ ಅಳೆದರೆ ತಾಳೆ ಎಣ್ಣೆಯ ಗಟ್ಟಿಯೂ ಪಾಸಾಗಬಹುದು. ಕೊಬ್ಬಿನ ಪ್ರಮಾಣ ಸರಿಯಾಗಿ ಕೂರುವಂತೆಯೇ ಅದನ್ನು ತಯಾರಿಸಿರುತ್ತಾರೆ. ಕೇಳಬೇಕಾದದ್ದು ಕೊಬ್ಬು ಎಷ್ಟು ಎಂದಷ್ಟೇ ಅಲ್ಲ, ಯಾವ ಕೊಬ್ಬು ಎಂದು. ಅದಕ್ಕೆ ಮಾದರಿಯಿಂದ ಕೊಬ್ಬನ್ನು ಬೇರ್ಪಡಿಸಿ ರೀಚರ್ಟ್-ಮೈಸಲ್ ಮೌಲ್ಯ ನೋಡಬೇಕು. ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲದಂಥ, ಹಬೆಯಲ್ಲಿ ಹಾರಿಬರುವ ಸಣ್ಣ ಸರಪಳಿಯ ಆಮ್ಲಗಳಿರುತ್ತವೆ. ಆದ್ದರಿಂದ ಅದರಲ್ಲಿ ಈ ಮೌಲ್ಯ 28ರ ಸುತ್ತ ಬರುತ್ತದೆ. ತಾಳೆ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬೀಟಾ-ಸಿಟೋಸ್ಟೆರಾಲ್ ಪರೀಕ್ಷೆ ಇನ್ನೂ ನೇರ. ಅದು ಗಿಡಮರಗಳ ಎಣ್ಣೆಯಲ್ಲಿರುವ, ಸ್ಟೆರಾಲ್ ಎಂಬ ಬಗೆಯ ರಾಸಾಯನಿಕ. ಪನೀರಿನ ಕೊಬ್ಬಿನಲ್ಲಿ ಅದು ಸಿಕ್ಕಿತೆಂದರೆ ಸಸ್ಯಜನ್ಯ ಎಣ್ಣೆ ಬೆರೆತಿದೆ ಎಂದೇ ಅರ್ಥ. ಪನೀರ್, ಖವಾ, ಐಸ್‌ಕ್ರೀಂ ಮಾದರಿ ಕಳಿಸುವಾಗ ಈ ಎರಡು ಪರೀಕ್ಷೆಗಳನ್ನೂ ಮಾಡಬೇಕೆಂದು ಅಧಿಕಾರಿಗಳು ಪತ್ರದಲ್ಲೇ ಬರೆದು ಕಳಿಸಲಿ ಎಂಬುದು ನಮ್ಮ ಮೊದಲ ಬೇಡಿಕೆ.

ಮನೆಯ ಪರೀಕ್ಷೆಗಳ ಮಿತಿಯನ್ನೂ ಇಲಾಖೆಯೇ ಜನರಿಗೆ ತಿಳಿಸಬೇಕು. ಎರಡು ಮೂರು ಮಿಲಿ ಮಾದರಿಯನ್ನು 5 ಮಿಲಿ ನೀರಿನಲ್ಲಿ ಕುದಿಸಿ, ಆರಿಸಿ, ಟಿಂಚರ್ ಅಯೋಡಿನ್ ಎರಡು ಮೂರು ಹನಿ ಹಾಕಿದಾಗ ನೀಲಿ ಬಂದರೆ ಪಿಷ್ಟ ಬೆರೆತಿದೆ. ಇದು ಸರಿಯಾದ ಪರೀಕ್ಷೆ. ಆದರೆ ನೀಲಿ ಬರಲಿಲ್ಲ ಎಂದ ಮಾತ್ರಕ್ಕೆ ಪನೀರ್ ಶುದ್ಧ ಎಂದಾಗದು, ಏಕೆಂದರೆ ತಾಳೆ ಎಣ್ಣೆ ಅಯೋಡಿನ್‌ಗೆ ಕಾಣುವುದಿಲ್ಲ. ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲ, ಸಕ್ಕರೆ ಹಾಕಿ ಕೆಂಪು ಬರುತ್ತದೆಯೇ ನೋಡುವ ಬೋಡೊಯಿನ್ ಪರೀಕ್ಷೆಯೂ ಹಾಗೆಯೇ. ವನಸ್ಪತಿಗೆ, ಅಂದರೆ ಎಣ್ಣೆಯಿಂದ ಮಾಡಿದ ಗಟ್ಟಿ ಕೊಬ್ಬಿಗೆ, ಎಳ್ಳೆಣ್ಣೆ ಸೇರಿಸಬೇಕೆಂಬ ನಿಯಮ ಇದ್ದದ್ದರಿಂದ ಆ ಎಳ್ಳೆಣ್ಣೆಯ ಗುರುತು ಸಿಕ್ಕು ಕೆಂಪು ಬರುತ್ತಿತ್ತು. ತುಪ್ಪಕ್ಕೆ ನೇರವಾಗಿ ತಾಳೆ ಎಣ್ಣೆ ಬೆರೆಸಿದರೆ ಆ ಬಣ್ಣ ಬಾರದು. ಜನರು ಮನೆಯಲ್ಲಿ ಪರೀಕ್ಷೆ ಮಾಡಿ, ಪಾಸಾಯಿತೆಂದು ನೆಮ್ಮದಿಯಿಂದ ಅದನ್ನೇ ಮಕ್ಕಳಿಗೆ ಬಡಿಸುತ್ತಾರೆ. ಅರ್ಧ ತಿಳಿವಳಿಕೆ ಕೊಟ್ಟು ಸುಮ್ಮನಾಗುವುದು ಸರಿಯಲ್ಲ.

ತುಪ್ಪದ ವಿಷಯದಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ಒಂದು ಮಾತಿದೆ. ರಾಯಚೂರು, ಬಳ್ಳಾರಿ ಸೀಮೆ ಹತ್ತಿಯ ಸೀಮೆ. ಇಲ್ಲಿನ ಎಮ್ಮೆ, ಹಸುಗಳಿಗೆ ಹತ್ತಿಕಾಳು, ಹತ್ತಿಕಾಳಿನ ಹಿಂಡಿ ಧಾರಾಳವಾಗಿ ಹಾಕುತ್ತಾರೆ. ಆ ಮೇವಿನಿಂದ ಹಾಲಿನ ಕೊಬ್ಬಿನ ಗುಣವೇ ಸ್ವಲ್ಪ ಬದಲಾಗಿ, ತುಪ್ಪ ಗಟ್ಟಿಯಾಗಿ ಹರಳುಗಟ್ಟುತ್ತದೆ, ರೀಚರ್ಟ್-ಮೈಸಲ್ ಮೌಲ್ಯ ಇಳಿಯುತ್ತದೆ. ಹಿಂದಿನ ನಿಯಮಗಳಲ್ಲಿ ಹತ್ತಿ ಬೆಳೆಯುವ ಪ್ರದೇಶದ ತುಪ್ಪಕ್ಕೆ ಪ್ರತ್ಯೇಕ ಅಳತೆ ಇಟ್ಟಿದ್ದದ್ದು ಈ ಕಾರಣಕ್ಕೇ. ಈಗ ಕಲಬೆರಕೆ ಮಾಡುವವರು ಇನ್ನೊಂದು ಸಂಖ್ಯೆಯಲ್ಲಿ ಆಟವಾಡುತ್ತಾರೆ. ತುಪ್ಪದಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ತೋರಿಸುವ ಬ್ಯುಟಿರೊ ರಿಫ್ರಾಕ್ಟೋಮೀಟರ್ ಅಂಕ 40 ಡಿಗ್ರಿ ಉಷ್ಣತೆಯಲ್ಲಿ 40ರಿಂದ 44ರೊಳಗೆ ಇರಬೇಕು. ತಾಳೆ ಎಣ್ಣೆ ಆ ಅಂಕವನ್ನು ಮೇಲಕ್ಕೆ ಒಯ್ಯುತ್ತದೆ, ಕೊಬ್ಬರಿ ಎಣ್ಣೆ ಕೆಳಕ್ಕೆ ಎಳೆಯುತ್ತದೆ. ಎರಡನ್ನೂ ಹದವಾಗಿ ಬೆರೆಸಿದರೆ ಅಂಕ ಸರಿಯಾಗಿಯೇ ಬರುತ್ತದೆ. ಹೀಗಾಗಿ ಒಂದೇ ಸಂಖ್ಯೆ ನಂಬಿದರೆ ಮನೆಯಲ್ಲಿ ಬೆಣ್ಣೆ ಕಾಯಿಸಿ ಮಾರುವ ರೈತ ಮಹಿಳೆಯ ಅಪ್ಪಟ ತುಪ್ಪ ಫೇಲಾಗಿ, ಬೆರಕೆ ತುಪ್ಪ ಪಾಸಾಗುವ ಅಪಾಯವಿದೆ. ನಮ್ಮ ಜಿಲ್ಲೆಗಳ ತುಪ್ಪದ ಮಾದರಿಗಳಿಗೆ ಕೊಬ್ಬಿನಾಮ್ಲಗಳ ಪೂರ್ಣ ವಿವರ ಮತ್ತು ಸ್ಟೆರಾಲ್ ಪರೀಕ್ಷೆ ಎರಡನ್ನೂ ಕಡ್ಡಾಯ ಮಾಡಿ ಎಂದು ಕೇಳುತ್ತಿರುವುದು ಕಳ್ಳನನ್ನು ಹಿಡಿಯಲು ಎಷ್ಟೋ, ನಿರಪರಾಧಿಯನ್ನು ಉಳಿಸಲೂ ಅಷ್ಟೇ.

ತುಪ್ಪದ ಸಾಲಿನಲ್ಲೇ ದೀಪದ ತುಪ್ಪವೂ ಕೂತಿರುತ್ತದೆ. ಜಾತ್ರೆ, ಕಾರ್ತಿಕ ಮಾಸದ ಹೊತ್ತಿಗೆ ದೇವಸ್ಥಾನಗಳ ಸುತ್ತಲಿನ ಅಂಗಡಿಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ ಹಸುವಿನ ಚಿತ್ರವಿರುವ ಹಳದಿ ಡಬ್ಬಿ ಅರ್ಧ ಬೆಲೆಗೆ ಸಿಗುತ್ತದೆ. 'ಪೂಜೆಗೆ ಮಾತ್ರ, ತಿನ್ನಲು ಅಲ್ಲ' ಎಂಬ ಮಾತು ಹಿಂಬದಿಯಲ್ಲಿ, ಓದಲಾಗದ ಗಾತ್ರದಲ್ಲಿ, ಇಂಗ್ಲಿಷಿನಲ್ಲಿ. ಅಗ್ಗವಾಯಿತೆಂದು ಅದನ್ನೇ ಹೋಳಿಗೆಗೆ ಹಾಕುವವರಿದ್ದಾರೆ. ತಿನ್ನುವ ತುಪ್ಪದ ಕಪಾಟಿನಿಂದ ಅದನ್ನು ಬೇರೆಯಿಡಲು, 'ತಿನ್ನಬಾರದು' ಎಂದು ಕನ್ನಡದಲ್ಲಿ ಮುಂಭಾಗದಲ್ಲೇ ಬರೆಸಲು ಒಂದು ಆದೇಶ ಸಾಕು.

ಭಾಷೆಯ ಮಾತು ಬಂದಿದ್ದರಿಂದ ಅದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. 2023ರ ಮಾರ್ಚ್‌ನಲ್ಲಿ ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದೇ ಬರೆಯಬೇಕೆಂಬ ಸೂಚನೆ ಬಂದಾಗ ರಾಜ್ಯದಲ್ಲಿ ದೊಡ್ಡ ದನಿ ಎದ್ದಿತು. ಮಾರ್ಚ್ 30ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡ ಪ್ರಾಧಿಕಾರ ಸೂಚನೆ ತಿದ್ದಿ, 'ಮೊಸರು' ಎಂದು ಜೊತೆಗೆ ಬರೆಯಲು ಅವಕಾಶ ಕೊಟ್ಟಿತು. ಒಂದು ಹೆಸರಿಗಾಗಿ ನಾವು ಅಷ್ಟು ಗಟ್ಟಿಯಾಗಿ ಮಾತಾಡಿದೆವು, ಒಳ್ಳೆಯದೇ ಆಯಿತು. ಆದರೆ ಆ ಹೆಸರಿನ ಹಿಂದೆ ಇರುವ ಪಟ್ಟಿಯನ್ನು, ಅಂದರೆ ಒಳಗೆ ಏನೇನು ಹಾಕಿದ್ದಾರೆ ಎಂಬುದನ್ನು, ಇಂದಿಗೂ ಕನ್ನಡದಲ್ಲಿ ಓದಲಾಗುತ್ತಿಲ್ಲ. 2020ರ ಲೇಬಲಿಂಗ್ ನಿಯಮಗಳು ವಿವರಗಳನ್ನು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಬರೆಯಬೇಕು ಎನ್ನುತ್ತವೆ. ಬೇರೆ ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ, ಆದರೆ ಕಡ್ಡಾಯವೂ ಇಲ್ಲ. ಗಡಿಯಲ್ಲಿರುವ ನಮ್ಮ ಊರುಗಳಿಗೆ ಆಂಧ್ರ, ತೆಲಂಗಾಣದಿಂದ ಬರುವ ಪೊಟ್ಟಣಗಳ ಮೇಲೆ ತೆಲುಗು ಇರುತ್ತದೆ, ಇಂಗ್ಲಿಷ್ ಇರುತ್ತದೆ, ಕನ್ನಡ ಅಪರೂಪ. ಕರ್ನಾಟಕದಲ್ಲೇ ತಯಾರಾದ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಹೇಳುತ್ತದೆ. ಹಾಲಿನ ಪದಾರ್ಥಗಳಿಂದಲೇ ಅದರ ಪಾಲನೆ ಶುರುವಾಗಲಿ. ಎಲ್ಲ ವಿವರವನ್ನೂ ಕನ್ನಡಿಸಲು ಆಗದಿದ್ದರೆ ಎರಡು ಸಾಲು ಸಾಕು: ಪದಾರ್ಥದ ನಿಜವಾದ ಹೆಸರು, ಮತ್ತು ಅದರಲ್ಲಿರುವ ಕೊಬ್ಬು ಹಾಲಿನದೋ ಎಣ್ಣೆಯದೋ ಎಂಬುದು.

ಐಸ್‌ಕ್ರೀಮಿನಲ್ಲಿ ಈ ಎರಡನೆಯ ಸಾಲಿನ ಬೆಲೆ ಗೊತ್ತಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಮಕ್ಕಳು ಕೇಳುವುದೇ ಅದನ್ನು. ಐಸ್‌ಕ್ರೀಂ ಎಂದು ಕರೆಯಬೇಕಾದರೆ ಹಾಲಿನ ಕೊಬ್ಬು ಶೇ 10ಕ್ಕಿಂತ, ಪ್ರೋಟೀನ್ ಶೇ 3.5ಕ್ಕಿಂತ ಕಡಿಮೆ ಇರಬಾರದು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಹಾಕಿದರೆ ಅದು 'ಫ್ರೋಜನ್ ಡೆಸರ್ಟ್'. ಹಾಗೆಂದು ಕಪ್ಪಿನ ಮೇಲೆ ಬರೆದೂ ಇರುತ್ತದೆ. ಆದರೆ ತಳ್ಳುಗಾಡಿಯ ಮೇಲೆ, ಅಂಗಡಿಯ ಫಲಕದ ಮೇಲೆ, ಮದುವೆಯ ಊಟದ ಪಟ್ಟಿಯಲ್ಲಿ ಎಲ್ಲವೂ ಐಸ್‌ಕ್ರೀಮೇ. ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಐಸ್‌ಕ್ರೀಂ ಮಾರುವುದು ಮಿಲಿಲೀಟರಿನಲ್ಲಿ, ತೂಕದಲ್ಲಲ್ಲ. ತಯಾರಿಸುವಾಗ ಗಾಳಿ ತುಂಬಿಸಿ ಉಬ್ಬಿಸುವುದರಿಂದ ಲೀಟರಿನ ಡಬ್ಬಿಯಲ್ಲಿ ಎಷ್ಟು ಪದಾರ್ಥ, ಎಷ್ಟು ಗಾಳಿ ಎಂದು ಕಣ್ಣಿಗೆ ತಿಳಿಯದು. ಅದಕ್ಕೇ ಕಾನೂನು ಲೀಟರಿಗೆ ಕನಿಷ್ಠ 525 ಗ್ರಾಂ ತೂಕ ಇರಬೇಕೆಂದು ಗೊತ್ತುಮಾಡಿದೆ. ಇದಕ್ಕೆ ಪ್ರಯೋಗಾಲಯವೇ ಬೇಕಿಲ್ಲ. ಖಾಲಿ ಡಬ್ಬಿಯ ತೂಕ ಕಳೆದು ಅಂಗಡಿಯ ತಕ್ಕಡಿಯಲ್ಲೇ ನೋಡಬಹುದು. ಅಳತೆ ಮತ್ತು ತೂಕ ಇಲಾಖೆಯವರನ್ನು ಜೊತೆಗೆ ಕರೆದುಕೊಂಡು ಒಂದು ದಿನ ಹೊರಟರೆ ಸಾಕು.

ಬೆಣ್ಣೆ ದೋಸೆಯ ಮೇಲೆ ಹಚ್ಚುವುದು ಎಲ್ಲ ಕಡೆಯೂ ಬೆಣ್ಣೆಯಲ್ಲ. ಕನಿಷ್ಠ ಶೇ 80 ಹಾಲಿನ ಕೊಬ್ಬು ಇದ್ದರೆ ಮಾತ್ರ ಅದು ಟೇಬಲ್ ಬೆಣ್ಣೆ. ಬೇಕರಿಗೆ ಬರುವ ಹಳದಿ ಗಟ್ಟಿಗಳಲ್ಲಿ ಬಹಳಷ್ಟು ಮಾರ್ಗರೀನು, ಅಂದರೆ ಎಣ್ಣೆಯಿಂದ ಮಾಡಿದ ಬೆಣ್ಣೆಯಂಥ ಕೊಬ್ಬು. ಪಿಜ್ಜಾದ ಚೀಸಿನದೂ ಇದೇ ಕಥೆ. ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪನೀರಿಗೆ ಹೇಳಿದ್ದೇ ಇವಕ್ಕೂ ಅನ್ವಯ.

ಪ್ರಚಾರದ ಪದಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 'ಎ2 ತುಪ್ಪ' ಎಂದು ಎರಡು ಮೂರು ಪಟ್ಟು ಬೆಲೆಗೆ ಮಾರುತ್ತಿದ್ದಾರೆ. ಎ1, ಎ2 ಎಂಬುದು ಹಾಲಿನ ಬೀಟಾ-ಕೇಸೀನ್ ಎಂಬ ಪ್ರೋಟೀನಿನ ಎರಡು ಬಗೆ. ಆ ಪ್ರೋಟೀನಿನ 67ನೇ ಸ್ಥಾನದಲ್ಲಿ ಯಾವ ಅಮೈನೊ ಆಮ್ಲ ಇದೆ ಎಂಬುದಷ್ಟೇ ವ್ಯತ್ಯಾಸ. ತುಪ್ಪದಲ್ಲಿ ಶೇ 99.5 ಕೊಬ್ಬೇ ಇರಬೇಕೆಂದು ಕಾನೂನು. ಪ್ರೋಟೀನು ಬೆಣ್ಣೆ ಕಾಯಿಸುವಾಗ ಗಷ್ಟಾಗಿ ತಳಕ್ಕೆ ಕೂತು ಸೋಸಿ ಹೋಗುತ್ತದೆ. ಪ್ರೋಟೀನೇ ಇಲ್ಲದ ಪದಾರ್ಥಕ್ಕೆ ಪ್ರೋಟೀನಿನ ಬಗೆಯ ಹೆಸರಿಟ್ಟು ಬೆಲೆ ಏರಿಸುವುದು ತಪ್ಪು ಎಂದು ಯಾವ ಹೈನು ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾನೆ. 2024ರ ಆಗಸ್ಟ್ 21ರಂದು ಪ್ರಾಧಿಕಾರ ಇಂಥ ಬರಹಗಳನ್ನು ಪೊಟ್ಟಣಗಳಿಂದ ತೆಗೆಯಲು ಹೇಳಿತು. ಐದೇ ದಿನದಲ್ಲಿ, ಆಗಸ್ಟ್ 26ರಂದು, ಆ ಸೂಚನೆಯನ್ನು ಹಿಂಪಡೆಯಿತು. ಆ ನಿರ್ಧಾರ ನಮಗೆ ಬೇಸರ ತಂದಿದೆ ಎಂದು ಇಲ್ಲಿ ಬಹಿರಂಗವಾಗಿಯೇ ಹೇಳುತ್ತೇವೆ. ರಾಜ್ಯದ ಆಯುಕ್ತರು ಕನಿಷ್ಠ ತುಪ್ಪದ ಮಟ್ಟಿಗಾದರೂ ಈ ವಿಷಯವನ್ನು ಪ್ರಾಧಿಕಾರದ ಮುಂದೆ ಮತ್ತೆ ಎತ್ತಬೇಕು.

'ಕಡೆದ ಬೆಣ್ಣೆಯ ತುಪ್ಪ', 'ಬಿಲೋನಾ ತುಪ್ಪ' ಎಂಬ ಬರಹಗಳ ಸಮಸ್ಯೆ ಬೇರೆ. ಮೊಸರು ಕಡೆದು ತೆಗೆದ ಬೆಣ್ಣೆಯದೋ, ಯಂತ್ರದಿಂದ ಕೆನೆ ತೆಗೆದು ಮಾಡಿದ್ದೋ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಪ್ರಯೋಗಾಲಯದಲ್ಲಿಲ್ಲ. ಲೆಕ್ಕದ ಪುಸ್ತಕವೊಂದೇ ಸಾಕ್ಷಿ. ಶೇ 4 ಕೊಬ್ಬಿನ ಹಾಲಿನ ಒಂದು ಲೀಟರಿನಲ್ಲಿ ಸುಮಾರು 40 ಗ್ರಾಂ ಕೊಬ್ಬು. ಒಂದು ಹನಿಯೂ ನಷ್ಟವಾಗದಿದ್ದರೂ 1 ಕೆಜಿ ತುಪ್ಪಕ್ಕೆ 25 ಲೀಟರ್ ಹಾಲು ಬೇಕು. ಕಡೆಯುವ ಪದ್ಧತಿಯಲ್ಲಿ ಮಜ್ಜಿಗೆಯಲ್ಲಿ ಕೊಬ್ಬು ಉಳಿದುಹೋಗುವುದರಿಂದ ಇನ್ನೂ ಹೆಚ್ಚು. ತಿಂಗಳಿಗೆ ಇಷ್ಟು ತುಪ್ಪ ಮಾರಿದವರು ಅಷ್ಟು ಹಾಲು ಕೊಂಡ ಲೆಕ್ಕ, ಉಳಿದ ಮಜ್ಜಿಗೆ ಎಲ್ಲಿಗೆ ಹೋಯಿತೆಂಬ ಲೆಕ್ಕ ತೋರಿಸಲಿ. ತೋರಿಸಲಾಗದವರು ಆ ಪದವನ್ನು ಅಳಿಸಲಿ. 'ಶುದ್ಧ', 'ನೈಸರ್ಗಿಕ' ಎಂಬ ಪದಗಳನ್ನು ಯಾವಾಗ ಬಳಸಬಹುದೆಂದು 2018ರ ಜಾಹೀರಾತು ಮತ್ತು ಹಕ್ಕುಸಾಧನೆ ನಿಯಮಗಳಲ್ಲಿದೆ. ಬ್ರ್ಯಾಂಡಿನ ಹೆಸರಲ್ಲೇ ಅಂಥ ಪದವಿದ್ದು ಅದು ದಾರಿ ತಪ್ಪಿಸುವಂತಿದ್ದರೆ, ಇದು ಬರೀ ಬ್ರ್ಯಾಂಡಿನ ಹೆಸರು ಎಂದು ಕನಿಷ್ಠ 3 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಬರೆಯಬೇಕು. ಒಂದು ಸ್ಕೇಲು ಹಿಡಿದು ಅಂಗಡಿಗೆ ಹೋದ ಅಧಿಕಾರಿಗೆ ಈ ನಿಯಮ ಎಷ್ಟರಮಟ್ಟಿಗೆ ಪಾಲನೆಯಾಗಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ಖವಾ ಮತ್ತು ಸಿಹಿ ತಿನಿಸು. ಖವಾದ ಒಣ ಅಂಶದಲ್ಲಿ ಹಾಲಿನ ಕೊಬ್ಬು ಶೇ 30ಕ್ಕಿಂತ ಕಡಿಮೆ ಇರಬಾರದು. ಒಂದು ಕೆಜಿ ಖವಾಕ್ಕೆ 5ರಿಂದ 6 ಲೀಟರ್ ಹಾಲು ಕುದಿಯಬೇಕು. ಹಬ್ಬದ ಮುಂಚೆ ಹಾಲಿನ ಪುಡಿ, ಎಣ್ಣೆ, ಸಕ್ಕರೆಯ ಸಿದ್ಧ ಗಟ್ಟಿಗಳು ಬರ್ಫಿ, ಮಾವಾ ಎಂಬ ಹೆಸರಲ್ಲಿ ಹೊರಗಿನಿಂದ ಪಾರ್ಸೆಲ್ ಆಗಿ ಬಂದು, ಇಲ್ಲಿನ ತಟ್ಟೆಗಳಲ್ಲಿ ಪೇಡೆಯಾಗಿ ಕೂರುತ್ತವೆ. ಇಲಾಖೆಯವರು ದೀಪಾವಳಿಯ ಹಿಂದಿನ ದಿನ ಅಂಗಡಿಗೆ ಹೋಗಿ ಮಾದರಿ ತೆಗೆಯುವುದು, ಅದರ ಫೋಟೊ ಪತ್ರಿಕೆಯಲ್ಲಿ ಬರುವುದು ವಾಡಿಕೆ. ಆಹಾರ ವಿಶ್ಲೇಷಕರು ವರದಿ ಕೊಡಲು ಕಾನೂನು 14 ದಿನ ಕೊಟ್ಟಿದೆ. ವರದಿ ಬರುವ ಹೊತ್ತಿಗೆ ಆ ಸಿಹಿ ತಿಂದವರಿಗೆ ಹಬ್ಬವೇ ಮರೆತಿರುತ್ತದೆ. ಹಬ್ಬಕ್ಕೆ ಕನಿಷ್ಠ ಮೂರು ವಾರ ಮೊದಲು, ಅಂಗಡಿಯ ಗಾಜಿನ ಕಪಾಟಿನಲ್ಲಿ ಅಲ್ಲ, ಖವಾ ಇಳಿಯುವ ಗೋದಾಮಿನಲ್ಲಿ, ಪಾರ್ಸೆಲ್ ಕಚೇರಿಯಲ್ಲಿ ಮಾದರಿ ತೆಗೆಯಿರಿ. ಮದುವೆ ಹಂಗಾಮಿಗೂ ಇದೇ ಕ್ರಮ ಇರಲಿ.

ಬಿಡಿಯಾಗಿ ಮಾರುವ ಸಿಹಿಯ ಮುಂದೆ ಎಂದಿನವರೆಗೆ ತಿನ್ನಬಹುದೆಂಬ ದಿನಾಂಕದ ಚೀಟಿ ಇರಬೇಕೆಂದು 2020ರ ಅಕ್ಟೋಬರ್ 1ರಿಂದ ಪ್ರಾಧಿಕಾರದ ಆದೇಶ ಬಂತು. ಮಾರ್ಗಸೂಚಿಯಂತೆ ಕಲಾಕಂದ್ ಅಂದೇ ಮುಗಿಯಬೇಕು, ರಸಮಲಾಯಿಯಂಥವು 2 ದಿನ, ಪೇಡೆ ಬರ್ಫಿ 4 ದಿನ. ಮೊದಲ ಕೆಲವು ತಿಂಗಳು ಚೀಟಿಗಳು ಕಂಡವು. ಈಗ ಕಾಣುವುದು ವಿರಳ. ಕಂಡರೂ ಚೀಟಿ ಮಾತ್ರ ಹೊಸದು, ತಟ್ಟೆ ಹಳೆಯದು. ಪೊಟ್ಟಣದ ಹಾಲು, ಪನೀರಿನ ದಿನಾಂಕದ್ದೂ ಒಂದು ಮಾತು: '5 ಡಿಗ್ರಿಗಿಂತ ಕೆಳಗಿಟ್ಟರೆ' ಎಂಬ ಷರತ್ತಿನ ಮೇಲೆ ಆ ದಿನಾಂಕ ನಿಂತಿದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುವಾಗ ಹಾಲಿನ ಕ್ರೇಟು ಅಂಗಡಿಯ ಮೆಟ್ಟಿಲ ಮೇಲೆ ತಾಸುಗಟ್ಟಲೆ ಇದ್ದರೆ, ರಾತ್ರಿ ಕರೆಂಟು ಉಳಿಸಲು ಫ್ರಿಜ್ ಬಂದ್ ಮಾಡಿದರೆ, ಅಚ್ಚಾದ ದಿನಾಂಕಕ್ಕೆ ಅರ್ಥವಿಲ್ಲ. ಅಂಗಡಿಯ ಫ್ರಿಜ್‌ನೊಳಗೆ ಒಂದು ಉಷ್ಣಮಾಪಕ ಇರಬೇಕೆಂದು ಲೈಸೆನ್ಸ್ ನವೀಕರಣದ ಸಮಯದಲ್ಲೇ ಕೇಳಿ.

ನಾವು ಬಯಸುವ ಬದಲಾವಣೆಗೆ ಹೊಸ ಕಾನೂನು ಬೇಕಿಲ್ಲ. ಸರಕಿನ ಸ್ವರೂಪ ಮತ್ತು ಗುಣಮಟ್ಟದ ಬಗ್ಗೆ ಮಾರುವವರು ಕೊಳ್ಳುವ ವ್ಯಾಪಾರಿಗೆ ಲಿಖಿತ ಖಾತರಿ ಕೊಡಬೇಕೆಂದು, ಬಿಲ್ಲಿನಲ್ಲಾದರೂ ಬರೆದಿರಬೇಕೆಂದು ನಿಯಮವಿದೆ. ಅದನ್ನೇ 'ಫಾರ್ಮ್ ಇ' ಎನ್ನುತ್ತಾರೆ. ಮೂರು ಜಿಲ್ಲೆಗಳ ಪನೀರ್, ಬೆಣ್ಣೆ, ಚೀಸ್, ಖವಾ ವಿತರಕರ ಬಿಲ್ಲುಗಳಲ್ಲಿ ಲೇಬಲಿನ ಮೇಲಿರುವ ಪೂರ್ತಿ ಹೆಸರೇ ಇರಬೇಕೆಂದು ತಾವು ಒಂದು ಸುತ್ತೋಲೆ ಹೊರಡಿಸಿ. 'ಅನಲಾಗ್' ಎಂದು ಬಿಲ್ಲಿನಲ್ಲಿ ಬಂದರೆ ಹೋಟೆಲಿನವರು ಗೊತ್ತಿರಲಿಲ್ಲ ಎನ್ನಲಾಗದು. ಬರದಿದ್ದರೆ ಹೊಣೆ ವಿತರಕರದು. ಹೋಟೆಲಿನ ಊಟದ ಪಟ್ಟಿಯಲ್ಲಿ, ಬಿಡಿ ಮಾರಾಟದ ತಟ್ಟೆಯ ಮುಂದೆ 'ಸಸ್ಯಜನ್ಯ ಎಣ್ಣೆಯಿಂದ ಮಾಡಿದ್ದು, ಹಾಲಿನ ಪನೀರ್ ಅಲ್ಲ' ಎಂಬ ಕನ್ನಡದ ಸಾಲು ಇರಲಿ. ಅಗ್ಗದ ದರಕ್ಕೆ, ತಿಳಿದು, ಅದನ್ನೇ ತಿನ್ನುವವರು ತಿನ್ನಲಿ. ಅದು ಅವರ ಹಕ್ಕು.

ತಪ್ಪು ಹೆಸರಿನ ಸರಕಿಗೆ 3 ಲಕ್ಷ ರೂಪಾಯಿವರೆಗೆ, ಕಳಪೆ ಸರಕಿಗೆ 5 ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕುವ ಅಧಿಕಾರವನ್ನು 2006ರ ಆಹಾರ ಸುರಕ್ಷತೆ ಮತ್ತು ಮಾನದಂಡ ಕಾಯಿದೆ ಕೊಟ್ಟಿದೆ. ಪ್ರಕರಣ ತೀರ್ಮಾನಿಸುವವರು ಅಪರ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ಅಂದರೆ ನಮ್ಮ ಜಿಲ್ಲಾ ಕೇಂದ್ರದಲ್ಲೇ ಇರುವವರು. ಎಷ್ಟು ಮಾದರಿ ತೆಗೆದಿರಿ, ಯಾವ ಪರೀಕ್ಷೆ ಮಾಡಿಸಿದಿರಿ, ಎಷ್ಟು ಫೇಲಾದವು, ಯಾವ ಬ್ಯಾಚು, ಎಷ್ಟು ದಂಡ ಎಂಬುದನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಿ ಎಂದು ಕೇಳುತ್ತೇವೆ. ಪಾಸಾದವರ ಹೆಸರೂ ಅದರಲ್ಲಿರಲಿ. ಸರಿಯಾಗಿ ವ್ಯಾಪಾರ ಮಾಡುವವರಿಗೆ ಅದಕ್ಕಿಂತ ದೊಡ್ಡ ಪ್ರಚಾರ ಬೇಕಿಲ್ಲ.

ಕೊಳ್ಳುವವರ ಕೈಯಲ್ಲೂ ಒಂದು ಅಧಿಕಾರವಿದೆ. ಅದು ಬಹುತೇಕರಿಗೆ ಗೊತ್ತೇ ಇಲ್ಲ. ಕಾಯಿದೆಯ 40ನೇ ಕಲಮಿನಂತೆ ಯಾರು ಬೇಕಾದರೂ ತಾವು ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಪರೀಕ್ಷೆಗೆ ಕಳಿಸುತ್ತೇನೆಂದು ತಿಳಿಸಬೇಕು. ವರದಿಯಲ್ಲಿ ದೋಷ ಕಂಡರೆ ಶುಲ್ಕ ವಾಪಸ್ಸು ಬರುತ್ತದೆ. ಶುಲ್ಕ ಎಷ್ಟು, ಎಲ್ಲಿ ಕಟ್ಟಬೇಕು, ಮಾದರಿಯನ್ನು ಹೇಗೆ ಮುದ್ರೆ ಮಾಡಬೇಕು ಎಂಬ ಫಲಕವನ್ನು ಮೂರೂ ಜಿಲ್ಲೆಗಳ ಅಂಕಿತ ಅಧಿಕಾರಿಗಳ ಕಚೇರಿ ಮುಂದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಹಾಕಿಸಿ. ದೂರಿಗೆ ಪ್ರಾಧಿಕಾರದ 1800112100, ಗ್ರಾಹಕ ಸಹಾಯವಾಣಿ 1915 ಸಂಖ್ಯೆಗಳೂ ಅದರಲ್ಲಿರಲಿ. ಪೊಟ್ಟಣದ ಮೇಲಿನ, ಪ್ರಾಧಿಕಾರದ ಲೈಸೆನ್ಸ್ ಅಥವಾ ನೋಂದಣಿಯ 14 ಅಂಕಿಯ ಸಂಖ್ಯೆಯನ್ನು ಓದುವುದನ್ನೂ ಕಲಿಸಬಹುದು: ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು ವರ್ಷದ್ದು. ಆ ಸಂಖ್ಯೆ ಇದ್ದ ಮಾತ್ರಕ್ಕೆ ಗುಣಮಟ್ಟದ ಮುದ್ರೆ ಒತ್ತಿದಂತಲ್ಲ ಎಂಬುದನ್ನೂ ಹೇಳಬೇಕು. ಅದು ಮಾರಿದವರು ಯಾರೆಂದು ಹುಡುಕುವ ದಾರಿ. 2022ರ ಜನವರಿ 1ರಿಂದ ಅದು ಬಿಲ್ಲಿನ ಮೇಲೂ ಇರಬೇಕು. ಹೋಟೆಲಿನ ಬಿಲ್ಲಿನಲ್ಲಿ ಅದು ಇಲ್ಲದಿದ್ದರೆ ಗ್ರಾಹಕರು ಕೇಳಬಹುದು.

ಇಷ್ಟರಲ್ಲಿ ಮೊದಲು ಆಗಬೇಕಾದದ್ದು ಯಾವುದೆಂದು ತಾವು ಕೇಳಿದರೆ, ವಿತರಕರ ಬಿಲ್ಲಿನ ಸುತ್ತೋಲೆ ಮತ್ತು ಕೊಬ್ಬಿನ ಜಾತಿ ತಿಳಿಸುವ ಪರೀಕ್ಷೆ. ಈ ಎರಡಕ್ಕೆ ಹೆಚ್ಚಿನ ಹಣವಾಗಲಿ ಹೊಸ ಹುದ್ದೆಯಾಗಲಿ ಬೇಕಾಗಿಲ್ಲ. ಮುಂದಿನ ಮದುವೆ ಹಂಗಾಮಿಗೆ ಮೊದಲು ಇವೆರಡರ ಬಗ್ಗೆ ತಮ್ಮ ನಿರ್ಧಾರವನ್ನು ಕನ್ನಡದಲ್ಲಿ, ಜಿಲ್ಲಾಧಿಕಾರಿ ಕಚೇರಿಯ ಸೂಚನಾ ಫಲಕದಲ್ಲಿ ತಿಳಿಸಬೇಕೆಂದು ಕೋರುತ್ತೇವೆ. ಮಾದರಿ ತೆಗೆಯುವ, ಅಂಗಡಿಯವರಿಗೆ ತಿಳಿವಳಿಕೆ ಕೊಡುವ ಕೆಲಸದಲ್ಲಿ ನಮ್ಮ ತಾಂತ್ರಿಕ ನೆರವು ಬೇಕಾದರೆ ಯಾವ ಸಂಭಾವನೆಯನ್ನೂ ಬಯಸದೆ ಬರಲು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಹೈನು ತಂತ್ರಜ್ಞರು ಮತ್ತು ಗ್ರಾಹಕರು